ದಾಸೋಹವೂ ಬಾಲಕನ ಮೌನವೂ



ಅನ್ನದಾನ, ವಿದ್ಯಾದಾನಗಳ ಹಿರಿಮೆಯನ್ನು ನಿಮಗೆ ಹೊಸದಾಗಿ ಹೇಳಬೇಕಾದ ಅಗತ್ಯವಿಲ್ಲ. ನಿಮ್ಮಲ್ಲಿ ಅನೇಕರು ಮಠದ ವಿದ್ಯಾರ್ಥಿನಿಲಯದಲ್ಲಿ ಉಂಡು, ಅಲ್ಲಿಯ ದೀಪದ ಬೆಳಕಿನಲ್ಲಿ ಓದಿ ಬೆಳೆದವರು. ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಛತ್ರ, ಧಾರವಾಡದ ಮುರುಘಾಮಠ, ತುಮಕೂರು ಬಳಿಯ ಸಿದ್ಧಗಂಗಾ ಮಠ ಮೊದಲಾದವು ಇಲ್ಲದಿದ್ದಲ್ಲಿ ಹಳ್ಳಿಗಾಡಿನ ಎಷ್ಟೋ ಬಾಲಕರು ಪ್ರೌಢಶಾಲೆಯ ಮೆಟ್ಟಿಲನ್ನೇ ತುಳಿಯುತ್ತಿರಲಿಲ್ಲ. 1930ರಲ್ಲಿ ಸನ್ಯಾಸ ಸ್ವೀಕರಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಸಹ ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ತೋಟದಪ್ಪನವರ ನಿಲಯದಲ್ಲಿದ್ದವರು. ತಾವು ಉಂಡ ಅನ್ನದ ಋಣವನ್ನು ಅವರು ಸಾವಿರಾರು ಮಕ್ಕಳಿಗೆ ಉಣಬಡಿಸಿ ತೀರಿಸಿದರು.

ಈ ಪರಂಪರೆಯ ಬಗ್ಗೆ ನಮಗೆ ಅಭಿಮಾನವುಂಟು. ಅಭಿಮಾನವಿರುವುದರಿಂದಲೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕಾಗಿದೆ. ತಂದೆಯೊಬ್ಬನು ಹದಿಮೂರು ವರ್ಷದ ಮಗನನ್ನು ಕರೆತಂದು, "ಇನ್ನು ಇವನು ನಿಮ್ಮ ಮಗ, ಬುದ್ಧಿ" ಎಂದು ಒಪ್ಪಿಸಿ ಹೋದಾಗ ನಾವು ಹೊತ್ತುಕೊಂಡ ಹೊಣೆ ಯಾವುದು? ಹೊತ್ತುಹೊತ್ತಿಗೆ ಊಟ, ಪಾಠ, ಪ್ರಾರ್ಥನೆ, ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಒಳ್ಳೆಯ ಫಲಿತಾಂಶ, ಇಷ್ಟಕ್ಕೆ ಆ ಹೊಣೆ ತೀರಿತೇ? ಬಾಲಕನ ಮನಸ್ಸಿನ ನೋವೂ ನಮ್ಮ ಲೆಕ್ಕಕ್ಕೆ ಸೇರುವುದೇ?

"ಸೇರುವುದು" ಎಂದು ಎಲ್ಲರೂ ತಕ್ಷಣ ಹೇಳುವರು. ಆದರೆ ಆ ನೋವು ನಮಗೆ ತಿಳಿಯುವುದು ಹೇಗೆ? ಗಂಡುಹುಡುಗನು ಹೇಳುವುದಿಲ್ಲ. "ಗಂಡಸಾಗಿ ಅಳುತ್ತೀಯಾ?" ಎಂಬ ಮಾತನ್ನು ಅವನು ಮಾತು ಕಲಿತಂದಿನಿಂದ ಕೇಳಿದ್ದಾನೆ. ಅವನ ನೋವು ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತಿ ಸೋಮವಾರ ಬರುವ ಹೊಟ್ಟೆನೋವು, ರಾತ್ರಿ ಒದ್ದೆಯಾಗುವ ಹಾಸಿಗೆ, ತಟ್ಟೆಯಲ್ಲಿ ಉಳಿಯುವ ಅನ್ನ, ತರಗತಿಯಲ್ಲಿ ತೂಕಡಿಕೆ, ಕಾರಣವಿಲ್ಲದ ಜಗಳ, ಒಮ್ಮೆಲೇ ಇಳಿದ ಅಂಕ, ಇವೆಲ್ಲ ಅವನ ಭಾಷೆ. ನಾವು ಇವನ್ನು ಸೋಮಾರಿತನವೆಂದೋ ಪೋಕರಿತನವೆಂದೋ ಓದಿಕೊಳ್ಳುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ನೆಯ ವರ್ಷವೊಂದರಲ್ಲೇ ನಮ್ಮ ದೇಶದಲ್ಲಿ 13,044 ಮಂದಿ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು.

ಇಲ್ಲಿ ಹಿರಿಯ ವಿದ್ಯಾರ್ಥಿಗಳ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. "ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತದಿಂದ ಹೊಡೆದರು, ನಾವು ಸಹಿಸಿದೆವು, ಮನುಷ್ಯರಾದೆವು, ಈಗಿನ ಮಕ್ಕಳಿಗೇಕೆ ಈ ಮೃದುತ್ವ?" ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಪ್ರಾಮಾಣಿಕತೆಯಿದೆ, ಆದರೆ ತರ್ಕದೋಷವೂ ಇದೆ. ಹಿರಿಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಬರುವವರು ನಿಂತು ಗೆದ್ದವರು. ಎಂಟನೆಯ ತರಗತಿಯಲ್ಲಿ ನಡುರಾತ್ರಿ ಗೋಡೆ ಹಾರಿ ಓಡಿಹೋಗಿ ಮತ್ತೆಂದೂ ಪುಸ್ತಕ ಮುಟ್ಟದವನಿಗೆ ಆಹ್ವಾನಪತ್ರಿಕೆ ಹೋಗುವುದಿಲ್ಲ. ಅವನ ಸಾಕ್ಷ್ಯವನ್ನು ಕೇಳಿದವರಿಲ್ಲ. ಗೆದ್ದವರು ಗೆದ್ದದ್ದು ಬೆತ್ತದಿಂದಲೋ, ಬೆತ್ತವಿದ್ದಾಗ್ಯೂ ತಲೆಸವರಿದ ಯಾವನೋ ಒಬ್ಬ ಅಡುಗೆಯವನಿಂದಲೋ ಎಂಬುದನ್ನು ಅವರೇ ಯೋಚಿಸಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿರುವುದು ವಿಚಾರ ಮಾಡಿಯೇ.

ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಬೆಳಗಿನ ಗಂಟೆ, ಸ್ನಾನ, ಪೂಜೆ, ಓದು ಇವುಗಳ ನಿಯಮದಲ್ಲಿ ಬಾಲಕನಿಗೆ ಒಂದು ನೆಮ್ಮದಿಯೂ ಇದೆ. ಆದರೆ ದಂಡಿಸುವ ಕೈಯೂ ಕಣ್ಣೀರೊರೆಸುವ ಕೈಯೂ ಒಂದೇ ಆಗಬಹುದೇ? ತಾಯಿಯಲ್ಲಿ ಅದು ಸಾಧ್ಯವಲ್ಲವೇ ಎಂದು ನೀವು ಕೇಳಬಹುದು. ಸಾಧ್ಯ, ಏಕೆಂದರೆ ಎಷ್ಟು ಬೈದರೂ ತಾಯಿ ತನ್ನನ್ನು ಮನೆಯಿಂದ ಹೊರಹಾಕಳೆಂಬ ಧೈರ್ಯ ಮಗುವಿಗಿದೆ. ನಿಲಯದ ಬಾಲಕನಿಗೆ ಆ ಧೈರ್ಯವಿಲ್ಲ. ನಿಲಯಪಾಲಕರ ಒಂದು ಮಾತಿನಿಂದ ಅವನ ಟ್ರಂಕು ಹೊರಬೀಳಬಹುದು. ಬಡವನ ಮಗನಾದರೆ ಅಲ್ಲಿಗೆ ಅವನ ಓದೇ ಮುಗಿಯಬಹುದು. ಇದನ್ನು ಬಲ್ಲ ಹುಡುಗನು ಹಿರಿಯ ಹುಡುಗರ ಹಿಂಸೆಯನ್ನಾಗಲಿ, ಮನೆಯ ನೆನಪನ್ನಾಗಲಿ, ಅದಕ್ಕೂ ಮೀರಿದ ಯಾವುದನ್ನಾಗಲಿ ಅದೇ ನಿಲಯಪಾಲಕರ ಮುಂದೆ ಬಾಯಿಬಿಡುವನೆಂದು ನಿರೀಕ್ಷಿಸುವುದು ಹೇಗೆ?

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಂಧನವಿದೆ. ಅದು ನಮ್ಮ ಉಪಕಾರದಿಂದಲೇ ಹುಟ್ಟುವಂಥದು. "ಉಂಡ ಮನೆಯ ಜಂತೆ ಎಣಿಸಬಾರದು" ಎಂಬ ಗಾದೆಯನ್ನು ಅವನು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾನೆ. ಉಚಿತವಾಗಿ ಉಣ್ಣುವವನಿಗೆ ದೂರುವ ಹಕ್ಕೆಲ್ಲಿಯದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ನಾವು ಹಾಕಿದ ಅನ್ನವೇ ಅವನ ಬಾಯಿಗೆ ಬೀಗವಾಗುತ್ತದೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಾವು ನೆನೆಯಬೇಕಾದದ್ದು ಇಲ್ಲಿಯೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನು ಋಣಿಯಾಗುತ್ತಾನೆ. ದಾಸೋಹವೆಂದರೆ ನಾನು ದಾಸನೆಂಬ ಭಾವ. ಅಲ್ಲಿ ಉಣಿಸುವವನೇ ಸೇವಕ. ಹಾಗಿದ್ದ ಮೇಲೆ ದಾಸೋಹದ ಮನೆಯಲ್ಲಿ ಉಂಡವನಿಗೆ ಜಂತೆ ಎಣಿಸುವ ಹಕ್ಕಿರಬೇಕು. ಯಾವ ಜಂತೆ ಮುರಿದಿದೆ, ಎಲ್ಲಿ ಮಳೆ ಸೋರುತ್ತದೆ ಎಂಬುದು ಅದರ ಕೆಳಗೆ ಮಲಗುವವನಿಗಲ್ಲದೆ ಬೇರೆ ಯಾರಿಗೆ ಗೊತ್ತು? ಬಾಲಕನನ್ನು ಮೂಕನನ್ನಾಗಿ ಮಾಡುವ ಅನ್ನ ಎಷ್ಟೇ ರುಚಿಯಾಗಿದ್ದರೂ ದಾಸೋಹವೆನಿಸದು.

ಕಾವಿಯನ್ನು ಧರಿಸಿದ ನಾವು ಇದನ್ನು ಮೊದಲು ನಮಗೇ ಹೇಳಿಕೊಳ್ಳಬೇಕು. ದಿನವೂ ಪಾದಕ್ಕೆರಗುವ ಹುಡುಗನಿಗೆ ಆ ಪಾದದವರೆದುರು "ಇಲ್ಲ" ಎನ್ನುವುದು ಕಷ್ಟ. ಗೌರವವು ಮಗುವಿನ ದನಿಯನ್ನು ಅಡಗಿಸಬಲ್ಲದು. ಆದ್ದರಿಂದ ಗೌರವ ಪಡೆಯುವವರ ಮೇಲೆ ಕಣ್ಣಿರಬೇಕಾದದ್ದು ಇತರರಿಗಿಂತ ಹೆಚ್ಚು, ಕಡಿಮೆಯಲ್ಲ.

ಹುಡುಗನೊಬ್ಬನು ಕೊನೆಗೂ ಬಾಯಿಬಿಟ್ಟನೆನ್ನಿ. "ಯಾರಿಗೂ ಹೇಳಬೇಡಿ" ಎಂದು ಅಂಗಲಾಚುತ್ತಾನೆ. ಆ ಗುಟ್ಟನ್ನು ಕಾಯುವುದು ಧರ್ಮವೋ, ಮುರಿಯುವುದು ಧರ್ಮವೋ? ನಾಚಿಕೆಯ ಗುಟ್ಟು ಬೇರೆ, ಅಪಾಯದ ಗುಟ್ಟು ಬೇರೆ. ಪರೀಕ್ಷೆಯ ಭಯ, ಮನೆಯ ಬಡತನ, ಹಾಸಿಗೆ ಒದ್ದೆಯಾದದ್ದು, ಇಂಥವನ್ನು ಎದೆಯಲ್ಲಿಟ್ಟುಕೊಳ್ಳಬೇಕು. ಅಧ್ಯಾಪಕರ ಕೊಠಡಿಯ ಹರಟೆಗೆ ಅವು ವಸ್ತುವಾಗಕೂಡದು. ಆದರೆ ಅವನು ಬದುಕು ಬೇಡವೆಂದಿದ್ದರೆ, ಅಥವಾ ಯಾರೋ ಅವನ ಮೈಮೇಲೆ ಕೈಮಾಡುತ್ತಿದ್ದರೆ, ಆ ಗುಟ್ಟನ್ನು ಕಾಯುವುದು ಅವನನ್ನು ಕಾಯದಿರುವುದೇ ಸರಿ. ಆದುದರಿಂದ ಮುಂಚಿತವಾಗಿ ಭಾಷೆ ಕೊಡಬಾರದು. ಯಾರಿಗೆ ಹೇಳುತ್ತೇವೆ, ಏಕೆ ಹೇಳುತ್ತೇವೆ ಎಂಬುದನ್ನು ಮೊದಲು ಅವನಿಗೇ ತಿಳಿಸಿ, ಆಮೇಲೆ ಅವನ ಪಕ್ಕದಿಂದ ಕದಲಬಾರದು.

ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ 2012ರ ಪೋಕ್ಸೋ ಕಾಯ್ದೆ ಸಂದೇಹಕ್ಕೆ ಎಡೆಯಿಟ್ಟಿಲ್ಲ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಗಂಡುಮಗುವಿಗೂ ಈ ಕಾಯ್ದೆಯ ರಕ್ಷಣೆ ಸಮಾನವಾಗಿದೆ. ಇಲ್ಲಿ "ಮಠದ ಮಾನ" ಎಂಬ ಮಾತು ಎದ್ದುಬರುತ್ತದೆ. ಭಕ್ತರೇ, ಒಂದು ಮಗುವಿನ ಗೋಳನ್ನು ಮುಚ್ಚಿ ಉಳಿಸಿಕೊಂಡ ಮಾನವು ಮಾನವಲ್ಲ; ಅದು ಮುಚ್ಚಿಟ್ಟ ಹುಣ್ಣು, ಒಳಗೊಳಗೇ ಕೊಳೆಯುತ್ತದೆ.

ಹಾಗಾದರೆ ಮಾಡಬೇಕಾದುದೇನು? 2025ರ ಜುಲೈ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಆಪ್ತಸಲಹೆಗಾರರನ್ನಾದರೂ ನೇಮಿಸಬೇಕೆಂದು ನಿರ್ದೇಶಿಸಿತು. ಆ ಸಲಹೆಗಾರರಿಗೆ ದಂಡಿಸುವ ಅಧಿಕಾರವಾಗಲಿ, ವರ್ಗಾವಣೆ ಪತ್ರಕ್ಕೆ ಸಹಿ ಹಾಕುವ ಅಧಿಕಾರವಾಗಲಿ ಇರಬಾರದೆಂಬುದು ನಮ್ಮ ಸೂಚನೆ. ಮಕ್ಕಳ ಸಹಾಯವಾಣಿ 1098, ಟೆಲಿ ಮಾನಸ್ 14416, ಈ ಎರಡು ಸಂಖ್ಯೆಗಳನ್ನು ಕಚೇರಿಯಲ್ಲಿ ಬರೆಯದೆ ಹುಡುಗರು ತಟ್ಟೆ ತೊಳೆಯುವ ಕಡೆ ಬರೆಯಿರಿ. ದೂರವಾಣಿಯನ್ನು ಯಾರ ಅಪ್ಪಣೆಯಿಲ್ಲದೆ ಬಳಸುವಂತಿರಲಿ. ಇನ್ನೂರು ಹುಡುಗರನ್ನು ಒಬ್ಬನೇ ನೋಡಿಕೊಳ್ಳುವ ನಿಲಯಪಾಲಕನಿಂದ ತಾಯಿಯ ಸಹನೆಯನ್ನು ಬೇಡಬೇಡಿ. ಅವನಿಗೆ ಜೊತೆಯಾಳನ್ನೂ ರಜೆಯನ್ನೂ ಕೊಡಿ.

ದಾನಿಗಳಾದ ನಿಮ್ಮಲ್ಲಿ ಒಂದು ಪ್ರಾರ್ಥನೆ. ಕೊಠಡಿ ಕಟ್ಟಿಸಿದರೆ ಹೆಸರಿನ ಕಲ್ಲು ನಿಲ್ಲುತ್ತದೆ. ಆಪ್ತಸಲಹೆಗಾರರ ಸಂಬಳಕ್ಕೆ ಯಾವ ಕಲ್ಲೂ ಇಲ್ಲ. ಈ ವರ್ಷ ನಿಮ್ಮಲ್ಲಿ ಕೆಲವರಾದರೂ ಹೆಸರಿಲ್ಲದ ಆ ಸೇವೆಯನ್ನು ಕೈಗೊಳ್ಳಿ. ಹಿರಿಯ ವಿದ್ಯಾರ್ಥಿಗಳು ಮಠಕ್ಕೆ ಬಂದಾಗ ವೇದಿಕೆಯನ್ನು ಬಿಟ್ಟು ಪಂಕ್ತಿಯಲ್ಲಿ ಹುಡುಗರ ನಡುವೆ ಕುಳಿತು ಉಣ್ಣಿರಿ. ನಿಮ್ಮ ಗೆಲುವಿನ ಜೊತೆಗೆ, ಯಾವ ರಾತ್ರಿ ಹೊದಿಕೆಯೊಳಗೆ ಅತ್ತಿರಿ ಎಂಬುದನ್ನೂ ಹೇಳಿರಿ. ಅಳು ಗಂಡಸುತನಕ್ಕೆ ಕುಂದಲ್ಲವೆಂಬುದನ್ನು ಅವರು ನಿಮ್ಮ ಬಾಯಿಂದ ಕೇಳಿದರೆ ನಂಬುವರು.

ನಮ್ಮ ನಿಲಯಗಳಲ್ಲಿ ಒಲೆಯ ಬೆಂಕಿ ಆರದಿರಲಿ. ಅಲ್ಲಿ ಉಣ್ಣುವ ಪ್ರತಿಯೊಬ್ಬ ಬಾಲಕನಿಗೂ ತನ್ನ ನೋವನ್ನು ಹೆದರದೆ ಹೇಳಿಕೊಳ್ಳಲು ಒಂದು ಕಿವಿ ದೊರೆಯಲಿ ಎಂದು ಹಾರೈಸುತ್ತೇವೆ.