ಸಾನ್ನಿಧ್ಯವೂ ಕರ್ತವ್ಯವೂ

ಕ್ರೈಸ್ತನು ದಿನವಿಡೀ ಕ್ರಿಸ್ತನ ಅನ್ಯೋನ್ಯತೆಯಲ್ಲಿ ಬಾಳಬೇಕೆಂದು ಉಪದೇಶಿಸುವುದು ಸುಲಭ. ಆದರೆ ಮನಸ್ಸು ಒಂದು, ಕೆಲಸಗಳು ಹಲವು. ಮಗ್ಗದ ಮುಂದೆ ಕುಳಿತವನು ಧ್ಯಾನದಲ್ಲಿ ಮೈಮರೆತರೆ ಎಳೆ ಕಡಿಯುತ್ತದೆ. ಮಕ್ಕಳಿಗೆ ಮಗ್ಗಿ ಹೇಳಿಸುವ ನಮ್ಮಂಥವರು ಕಣ್ಣುಮುಚ್ಚಿ ನಿಂತರೆ ಹಿಂದಿನ ಸಾಲಿನ ಹುಡುಗನು ತಪ್ಪನ್ನೇ ಕಲಿಯುತ್ತಾನೆ. ಹಾಗಾದರೆ ಕರ್ತನ ಕಡೆಗೆ ಮುಖಮಾಡಿದಷ್ಟೂ ಕರ್ತವ್ಯಕ್ಕೆ ಬೆನ್ನು ಮಾಡಬೇಕಾಗುವುದೇ? ಪ್ರಾಮಾಣಿಕನಾದ ವಿಶ್ವಾಸಿಯನ್ನು ಕಾಡುವ ಪ್ರಶ್ನೆ ಇದು.

ಇದಕ್ಕೆ ಪಂಡಿತರಿಗಿಂತ ಒಬ್ಬ ಅಡಿಗೆಯವನೇ ಹೆಚ್ಚು ತೃಪ್ತಿಕರವಾದ ಉತ್ತರ ಕೊಟ್ಟಿರುವನೆಂದು ನಮ್ಮ ಅಭಿಪ್ರಾಯ. ಇಂದು ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತದಲ್ಲಿ ಹುಟ್ಟಿದ ನಿಕೊಲಾ ಹರ್ಮನ್ ಮೊದಲು ಸಿಪಾಯಿಯಾಗಿದ್ದನು. ಯುದ್ಧದಲ್ಲಿ ಗಾಯಗೊಂಡು ಕುಂಟನಾದನು. 1640ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಮಠವನ್ನು ಸೇರಿ ಸಹೋದರ ಲಾರೆನ್ಸ್ ಎನಿಸಿಕೊಂಡನು. ಹೆಚ್ಚಿನ ಓದಿಲ್ಲ, ಗುರುದೀಕ್ಷೆಯೂ ಇಲ್ಲ. ಅಡಿಗೆಯ ಕೆಲಸವೋ ಅವನ ಸ್ವಭಾವಕ್ಕೆ ಒಗ್ಗದ್ದು. ಆದರೂ ಸುಮಾರು 15 ವರ್ಷ ಅದನ್ನೇ ಮಾಡಿದನು. ಮುಂದೆ ಮಠದವರ ಪಾದರಕ್ಷೆಗಳನ್ನು ಹೊಲಿಯುತ್ತಿದ್ದನು. 1691ರಲ್ಲಿ ಅವನು ತೀರಿಕೊಂಡ ಬಳಿಕ ಜೋಸೆಫ್ ದ ಬೊಫೋರ್ ಎಂಬ ಪಾದ್ರಿ ಅವನ ಸಂಭಾಷಣೆಗಳನ್ನೂ ಪತ್ರಗಳನ್ನೂ ಪ್ರಕಟಿಸಿದನು.

ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ಭೇದವಿಲ್ಲವೆಂಬುದು ಲಾರೆನ್ಸನ ಮತ. ದೇವಪ್ರೀತಿಗಾಗಿ ಮಾಡಿದರೆ ಬಾಣಲೆಯಲ್ಲಿ ಬೇಯುತ್ತಿರುವುದನ್ನು ಮಗುಚಿಹಾಕುವುದೂ ಆರಾಧನೆಯೇ. ನಮಗೆ ಇದು ಹೀಗೆ ತೋರುತ್ತದೆ: ಸಂಜೆಗೆ ಮಗನು ಪರಊರಿನಿಂದ ಬರುವನೆಂದು ತಿಳಿದ ತಾಯಿಯು ರೊಟ್ಟಿ ತಟ್ಟುವಾಗ ಕ್ಷಣಕ್ಷಣಕ್ಕೂ ಅವನ ಹೆಸರನ್ನು ಜಪಿಸುವುದಿಲ್ಲ. ಅವಳ ಗಮನವೆಲ್ಲ ಹಿಟ್ಟಿನ ಮೇಲೆ, ಹೆಂಚಿನ ಮೇಲೆ. ಅಷ್ಟರಿಂದ ಅವಳು ಮಗನನ್ನು ಮರೆತಳೆನ್ನಲಾದೀತೇ? ಅವಳ ನೆನಪೇ ರೊಟ್ಟಿಯ ಅಂಚು ಸೀಯದಂತೆ ಕಾಯುವ ಎಚ್ಚರವಾಗಿ ಪರಿಣಮಿಸಿದೆ. ಕ್ರಿಸ್ತನ ನೆನಪೂ ಕೆಲಸದ ಪಕ್ಕದಲ್ಲಿ ಬೇರೆ ನಿಲ್ಲಬೇಕಾಗಿಲ್ಲ. ಕೆಲಸದ ಅಚ್ಚುಕಟ್ಟಿನಲ್ಲಿಯೇ ಅದು ಇರಬಲ್ಲುದು.

12ನೆಯ ಶತಮಾನದ ಶರಣರಿಂದ ಕಾಯಕದ ಮಾತನ್ನು ಕೇಳಿರುವ ಕನ್ನಡಿಗರಿಗೆ ಇದು ತೀರ ಹೊಸದಲ್ಲ. ಆದರೆ ಎರಡೂ ಒಂದೇ ಎಂದುಬಿಡುವ ಅವಸರ ನಮಗಿಲ್ಲ. ಕ್ರೈಸ್ತನಿಗೆ ಮುಖ್ಯನು ಜೊತೆಗಿರುವಾತನು. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದ ದ್ರಾಕ್ಷಿಯ ಕೊಂಬೆಯು ಸ್ವಂತ ಬಲದಿಂದ ಫಲ ಕೊಡುವುದಿಲ್ಲ, ಬಳ್ಳಿಯಲ್ಲಿ ನೆಲೆಗೊಂಡಿರುವುದರಿಂದ ಕೊಡುತ್ತದೆ.

ಈ ಸಾನ್ನಿಧ್ಯವು ಸದಾ ಮಧುರಾನುಭವವೆಂದೂ ಭಾವಿಸಬಾರದು. ಮೊದಲ 10 ವರ್ಷ ಬಹಳ ಯಾತನೆಪಟ್ಟೆನೆಂದು ಲಾರೆನ್ಸನೇ ಬರೆದಿದ್ದಾನೆ. ಮರೆವು ಬಂದಾಗ ಹಲುಬುತ್ತ ಕೂಡದೆ, ತಪ್ಪನ್ನೊಪ್ಪಿಕೊಂಡು ಮರಳಿ ದೇವರ ಕಡೆಗೆ ತಿರುಗುತ್ತಿದ್ದನು.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವು ಇನ್ನೂ ದೂರ ಹೋಗುತ್ತದೆ. ಹಸಿದವರಿಗೆ ಉಣಬಡಿಸಿದವರು, ಸೆರೆಯಲ್ಲಿದ್ದವರನ್ನು ಕಂಡುಬಂದವರು ಅಲ್ಲಿ ಬಲಗಡೆಗೆ ನಿಂತಿದ್ದಾರೆ. ಆದರೆ ತಾವು ಸೇವಿಸಿದ್ದು ಕರ್ತನನ್ನೇ ಎಂಬುದು ಅವರಿಗೇ ತಿಳಿದಿರಲಿಲ್ಲ! ಅನ್ನವಿಡುವಾಗ ಅವರ ಗಮನ ಹಸಿದವನ ಹಸಿವಿನ ಮೇಲೆಯೇ ಇದ್ದಿರಬೇಕು. ದಿನವೂ ಕ್ರಿಸ್ತನ ಹತ್ತಿರವಿರುವೆನೆಂಬ ಅರಿವು ಹಿತಕರವೇ. ಆದರೆ ಆ ಅರಿವಿನ ಸುಖದಲ್ಲಿ ಬಾಗಿಲಿನ ಸದ್ದು ಕೇಳಿಸದೆ ಹೋದರೆ, ಹೊರಗೆ ನಿಂತು ತಟ್ಟುತ್ತಿರುವವನು ಯಾರು?

ಇಷ್ಟು ಹೇಳಿದೊಡನೆ, ಕೆಲಸವೇ ಪ್ರಾರ್ಥನೆಯಾದ ಮೇಲೆ ಬೇರೆ ಪ್ರಾರ್ಥನೆ ಏತಕ್ಕೆಂದು ಕೇಳುವ ಜಾಣರೂ ಇರುವರು. ತಾಯಿಗೆ ಮಗನ ಪರಿಚಯವಿರುವುದರಿಂದಲೇ ಹೆಂಚಿನ ಮುಂದೆ ಅವನನ್ನು ನೆನೆಯಬೇಕಾಗುವುದಿಲ್ಲ. ಪರಿಚಯಕ್ಕೆ ಬೇರೆ ಹೊತ್ತು ಬೇಕು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ನೋಡಿರಿ. ಕಪೆರ್ನೌಮಿನಲ್ಲಿ ಸಂಜೆ ಊರೆಲ್ಲ ಬಾಗಿಲಿಗೆ ನೆರೆದಿತ್ತು. ಯೇಸುಸ್ವಾಮಿ ಅನೇಕ ರೋಗಿಗಳನ್ನು ಗುಣಪಡಿಸಿದನು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಜನವಿಲ್ಲದ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದನು. ಸೀಮೋನನೂ ಅವನ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಅರಸುತ್ತಿರುವರೆಂದು ತಿಳಿಸಿದಾಗ, ಆತನು ಅವರನ್ನು ಕರೆದುಕೊಂಡು ನೆರೆಯ ಊರುಗಳಿಗೆ ಹೊರಟನು.