ಕೆರೆಗೆ ಒಂದು ಸುತ್ತು

ಫಜರ್ ನಮಾಝ್ ಮುಗಿಸಿ ಕೆರೆ ಸುತ್ತಲು ಹೋಗುವುದು ಸಕ್ಕರೆ ಕಾಯಿಲೆ ನನಗೆ ಕಲಿಸಿದ ಅಭ್ಯಾಸ. ಒಮ್ಮೆ ಬನಶಂಕರಿಯ ಆಚೆಗಿನ ಒಂದು ಕೆರೆಯ ಗೇಟಿನಲ್ಲಿ ಕಾವಲುಗಾರ ಮುದುಕಿಯೊಬ್ಬಳನ್ನು ತಡೆದಿದ್ದ. ಕೈಯಲ್ಲಿ ಕುಡುಗೋಲು, ಕಂಕುಳಲ್ಲಿ ಖಾಲಿ ಚೀಲ.

"ವಾಕಿಂಗ್ ಮಾಡೋರಿಗೆ ಮಾತ್ರ ಕಣಮ್ಮಾ."

"ನಮ್ಮಪ್ಪ ಇಲ್ಲೇ ಎಮ್ಮೆ ಮೈ ತೊಳೀತಿದ್ದ ಕಣಪ್ಪಾ."

ನಾನು ಏನೂ ಹೇಳದೆ ಒಳಗೆ ಹೋದೆ. ನನ್ನನ್ನು ಯಾರೂ ತಡೆಯಲಿಲ್ಲ, ಕಾಲಲ್ಲಿ ಶೂ ಇತ್ತಲ್ಲ.

ಈ ದಾರಿಗಳು ಸುಮ್ಮನೆ ಆದವಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. ಹಾಳುಬಿದ್ದಿದ್ದ ಅದಕ್ಕಾಗಿ ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ದುಡಿದರು. ನೀರು ಬಂತು, ಹಕ್ಕಿಗಳೂ ಬಂದವು. 80 ಎಕರೆಗೂ ಮಿಕ್ಕಿದ ಸಾರಕ್ಕಿ ಕೆರೆಯದು ಬೇರೆ ಕಥೆ. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಅಲ್ಲಿನ ಒತ್ತುವರಿ ತೆರವು ಮಾಡಿದಾಗ, ಕಾಸು ಕೊಟ್ಟು ಪತ್ರ ಮಾಡಿಸಿಕೊಂಡವರ ಮನೆಗಳೂ ಉರುಳಿದವು. ಕೆರೆ ಉಳಿಯಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಬೆಲೆ ತೆತ್ತವರಲ್ಲಿ ಮಾರಿದವರಿಗಿಂತ ಕೊಂಡವರೇ ಹೆಚ್ಚು.

ಕೆರೆಯನ್ನು ಪ್ರಕೃತಿಗೆ ಮರಳಿಸಿದೆವು ಎನ್ನುತ್ತೇವೆ. ಬೆಂಗಳೂರಿನ ಕೆರೆಗಳನ್ನು ಪ್ರಕೃತಿ ಎಲ್ಲಿ ಮಾಡಿತ್ತು? ಏರಿ ಹಾಕಿದ್ದು ಜನ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನದಕ್ಕೆ ನೀರು ಹರಿಯುವಂತೆ ಕಾಲುವೆ ತೋಡಿದ್ದೂ ಜನವೇ. ತೂಬು ತೆಗೆಯಲು ನೀರಗಂಟಿಯಿದ್ದ. ಅಗಸ, ಬೆಸ್ತ, ದನಗಾಹಿ, ಎಲ್ಲರಿಗೂ ಅದರಲ್ಲಿ ಪಾಲಿತ್ತು. ಆ ಪಾಲು ಸಮವಾಗಿತ್ತು ಎಂದು ಹೇಳಲಾರೆ, ಜಾತಿ ನೀರಿಗೂ ಇಳಿದಿತ್ತು. ಈಗ ನೀರು ಮರಳಿದೆ, ಬೆಳ್ಳಕ್ಕಿ ಮರಳಿದೆ, ಕುಡುಗೋಲಿನವಳು ಮಾತ್ರ ಗೇಟಿನ ಹೊರಗೆ.

ಬೇಲಿ ಬೇಡವೆನ್ನುವ ಧೈರ್ಯ ನನಗಿಲ್ಲ. ಬೇಲಿಯಿಲ್ಲದಿದ್ದರೆ ರಾತ್ರಿ ಕಟ್ಟಡದ ಮಣ್ಣು ಸುರಿಯುವ ಲಾರಿ ಬರುತ್ತದೆ. ಆದರೆ ಲಾರಿಗೆ ಹಾಕಿದ ಬೇಲಿ ಮುದುಕಿಯನ್ನೂ ತಡೆಯಬೇಕೆ? ನೀರು, ಹುಲ್ಲು, ಬೆಂಕಿಯಲ್ಲಿ ಎಲ್ಲರೂ ಪಾಲುದಾರರೆಂಬ ಪ್ರವಾದಿಯವರ (ಸ) ಮಾತನ್ನು ನಾನು ಮದ್ರಸಾದಲ್ಲಿ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಹುಲ್ಲೂ ಇದೆಯೆಂಬುದು ಆ ಬೆಳಿಗ್ಗೆ, ಕೊಯ್ದು ಮೂಲೆಯಲ್ಲಿ ಕೊಳೆಯಲು ಬಿಟ್ಟಿದ್ದ ಹುಲ್ಲಿನ ರಾಶಿ ಕಂಡಾಗ ನೆನಪಾಯಿತು.

ಸುತ್ತುದಾರಿ ಹೊರಟಲ್ಲಿಗೇ ತಂದು ಬಿಡುತ್ತದೆ. ಮುದುಕಿ ಇನ್ನೂ ಗೇಟಿನ ಹೊರಗೆ ಕೂತಿದ್ದಳು.

"ಹುಲ್ಲು ಯಾತಕ್ಕಮ್ಮಾ?"

"ಎರಡು ಮೇಕೆ ಅವೆ, ಸಾಬ್ರೇ."

ಕಾವಲುಗಾರನಿಗೆ ಆ ರಾಶಿ ತೋರಿಸಿದೆ. ಅವನು ತಲೆ ಕೆರೆದುಕೊಂಡ. "ನಂದೂ ಹೊಟ್ಟೆಪಾಡು ಸಾರ್. ಕ್ಯಾಮೆರಾ ಐತೆ. ನೀವೇ ತಂದುಕೊಟ್ರೆ ನಾನು ನೋಡಿಲ್ಲ."

ಅವಳ ಚೀಲ ಇಸಿದುಕೊಂಡು ಮತ್ತೆ ಒಳಗೆ ಹೋದೆ.