ಗೆದ್ದದ್ದನ್ನು ಅಳಿಸಬಹುದೇ?

ನನ್ನ ತವರುಮನೆಯ ಹಳೆಯ ಆಲ್ಬಮ್ಮಿನಲ್ಲಿ ಒಂದು ಗುಂಪು ಫೋಟೋ ಇದೆ. ಅದರ ಎಡತುದಿಯಲ್ಲಿ ನಿಂತಿದ್ದವರನ್ನು ಯಾರೋ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದಾರೆ. ಅವರು ಅಜ್ಜಿಯ ತಮ್ಮ. ಅಜ್ಜಿಯ ಪಾಲಿನ ಗದ್ದೆಯನ್ನು ಮೋಸದಿಂದ ಮಾರಿಕೊಂಡರಂತೆ. ನನ್ನ ಅಮ್ಮನಿಗೆ ಕೈಹಿಡಿದು ಅಕ್ಷರ ತಿದ್ದಿಸಿದವರೂ ಅವರೇ. ಫೋಟೋದಿಂದ ಅವರನ್ನು ತೆಗೆದದ್ದಾಯಿತು, ಅಮ್ಮನ ದುಂಡನೆಯ ಕೈಬರಹದಿಂದ ತೆಗೆಯುವುದು ಹೇಗೆ?

ಪೋಲೆಂಡಿನ ಕತ್ತಿವರಸೆಗಾರ ಯೆಜಿ ಪಾವ್ಲೋವ್ಸ್ಕಿಯ ಬದುಕನ್ನು ಓದುವಾಗ ನನಗೆ ಆ ಫೋಟೋ ನೆನಪಾಯಿತು.

1932ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಈತ ಸೈನ್ಯದಲ್ಲಿ ಮೇಜರ್ ಆಗಿದ್ದ. ಈತನ ಆಯುಧ ಸೇಬರ್. ಇದರಲ್ಲಿ ಮೊನೆಯಿಂದ ಚುಚ್ಚುವುದಷ್ಟೇ ಅಲ್ಲ, ಅಲಗಿನಿಂದ ಬೀಸಿಯೂ ಹೊಡೆಯಬಹುದು. ಸೊಂಟದ ಮೇಲಿನ ಭಾಗಕ್ಕೆ ತಾಗಿದರೆ ಅಂಕ. 1924ರಿಂದ 1964ರವರೆಗೆ ಒಲಿಂಪಿಕ್ಸಿನ ವೈಯಕ್ತಿಕ ಸೇಬರ್ ಚಿನ್ನ ಹಂಗೇರಿಯ ಮನೆ ಬಿಟ್ಟು ಹೊರಗೆ ಹೋದದ್ದೇ ಇಲ್ಲ. 1956ರಲ್ಲಿ ಮೆಲ್ಬೋರ್ನಿನಲ್ಲಿ ಪಾವ್ಲೋವ್ಸ್ಕಿಗೂ ಬೆಳ್ಳಿಯೇ ಸಿಕ್ಕಿತು. 1957, 1965, 1966ರಲ್ಲಿ ವಿಶ್ವ ಚಾಂಪಿಯನ್ ಆದ. ಕೊನೆಗೆ 1968ರಲ್ಲಿ ಮೆಕ್ಸಿಕೋದಲ್ಲಿ ಸೋವಿಯತ್ ಒಕ್ಕೂಟದ ಮಾರ್ಕ್ ರಕಿತಾನ ಜೊತೆ ಸಮಸಮನಾಗಿ ನಿಂತು, ನಿರ್ಣಾಯಕ ಪಂದ್ಯವನ್ನು 5-4ರಿಂದ ಗೆದ್ದ. ರಷ್ಯದ ನೆರಳಿನಲ್ಲಿ ಉಸಿರುಗಟ್ಟಿ ಬದುಕುತ್ತಿದ್ದ ಜನರಿಗೆ ಆ ಒಂದು ಅಂಕ ಎಷ್ಟು ಸಿಹಿಯಾಗಿದ್ದಿರಬೇಕು!

ಏಳು ವರ್ಷ ಕಳೆಯಿತು. 1975ರ ಏಪ್ರಿಲಿನಲ್ಲಿ ಆತನನ್ನು ಬಂಧಿಸಿದರು. 1964ರಿಂದ ಅಮೆರಿಕದ ಸಿ.ಐ.ಎ.ಗೆ ಗುಟ್ಟುಗಳನ್ನು ಕೊಡುತ್ತಿದ್ದನಂತೆ. 1976ರಲ್ಲಿ ಸೈನಿಕ ನ್ಯಾಯಾಲಯ 25 ವರ್ಷಗಳ ಜೈಲುಶಿಕ್ಷೆ ವಿಧಿಸಿತು. ದೇಶದ ಕ್ರೀಡಾ ದಾಖಲೆಗಳಿಂದ ಹೆಸರನ್ನೂ ತೆಗೆದುಹಾಕಿದರು. ಅಲ್ಲೂ ಕತ್ತರಿ ಆಡಿತು ನೋಡಿ.

ಆದರೆ 1959, 1961, 1962, 1963ರಲ್ಲಿ ಪೋಲೆಂಡಿನ ಸೇಬರ್ ತಂಡ ವಿಶ್ವ ಚಾಂಪಿಯನ್ ಆಗಿತ್ತಲ್ಲ, ಆ ತಂಡದಲ್ಲಿ ಈತನೂ ಇದ್ದ. ಅವನ ಹೆಸರನ್ನು ತೆಗೆದರೆ ಅವನ ಜೊತೆಗೆ ಬೆವರು ಸುರಿಸಿದವರ ಗೆಲುವಿನಲ್ಲೂ ಒಂದು ತೂತು ಬೀಳುತ್ತದೆ. ಅವರೇನು ತಪ್ಪು ಮಾಡಿದ್ದರು?

ಅವನು ಮಾಡಿದ್ದು ದ್ರೋಹವೇ ಎಂದು ಕೇಳಿದರೆ ನನಗೆ ಸುಲಭದ ಉತ್ತರ ಹೊಳೆಯುವುದಿಲ್ಲ. ಜನರ ಬಾಯಿ ಕಟ್ಟಿದ್ದ ಸರ್ಕಾರಕ್ಕೆ ಎಂಥ ನಿಷ್ಠೆ ಎನ್ನಬಹುದು. ಅಮೆರಿಕಕ್ಕೆ ಸೈನ್ಯದ ಗುಟ್ಟು ಕೊಟ್ಟ ಕರ್ನಲ್ ಕುಕ್ಲಿನ್‌ಸ್ಕಿಯನ್ನು ಪೋಲೆಂಡಿನ ಅನೇಕರು ಮುಂದೆ ವೀರನೆಂದೇ ಕರೆದರು. ಆದರೆ ಪಾವ್ಲೋವ್ಸ್ಕಿ ಅದಕ್ಕಿಂತ ಎಷ್ಟೋ ಮೊದಲಿನಿಂದ ಅದೇ ಸರ್ಕಾರದ ಗುಪ್ತಚರರಿಗೂ ಕೆಲಸ ಮಾಡುತ್ತಿದ್ದವನು. ನನಗೆ ಮುಳ್ಳಿನಂತೆ ಚುಚ್ಚುವುದು ಇದೇ. ಸರ್ಕಾರಕ್ಕೆ ಎರಡು ಬಗೆಯುವುದು ಬೇರೆ. ಪಕ್ಕದಲ್ಲಿ ಕುಳಿತು ಉಣ್ಣುವವರ ನಡುವೆ ಎರಡು ಮುಖ ಹೊತ್ತು ಬದುಕುವುದು ಬೇರೆ.

ಕತ್ತಿವರಸೆಯೇ ಮೋಸದ ಆಟ, ಅದನ್ನೇ ಬದುಕಿನಲ್ಲೂ ಆಡಿದ ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ತಲೆಗೆ ಹೊಡೆಯುವಂತೆ ತೋರಿಸಿ ಪಕ್ಕೆಗೆ ಹೊಡೆಯುವುದು ನಿಜವೇ. ಆದರೆ ಎದುರಿನವನಿಗೆ ಅದು ಗೊತ್ತಿರುತ್ತದೆ, ಅವನೂ ಅದೇ ಹಂಚಿಕೆಯಲ್ಲಿರುತ್ತಾನೆ. ಇಬ್ಬರೂ ಒಪ್ಪಿ ಆಡುವ ಕಣ್ಣುಮುಚ್ಚಾಲೆ ಅದು. ಆ ಕಾಲಕ್ಕೆ ಸೇಬರಿಗೆ ವಿದ್ಯುತ್ ಯಂತ್ರ ಬಂದಿರಲಿಲ್ಲ. ಸುತ್ತ ನಿಂತ ನಾಲ್ವರು ತೀರ್ಪುಗಾರರು ಕಣ್ಣಿನಿಂದಲೇ ನೋಡಿ ಹೇಳಬೇಕು. ಪೆಟ್ಟು ತಿಂದವನೇ 'ಹೌದು, ತಾಗಿತು' ಎಂದು ಒಪ್ಪಿಕೊಳ್ಳುವುದು ಆ ಆಟದ ಮರ್ಯಾದೆಯಾಗಿತ್ತು. ಬದುಕಿನಲ್ಲಿ ಪಾವ್ಲೋವ್ಸ್ಕಿಯ ಗೆಳೆಯರಿಗೆ ತಾವು ಆಟದಲ್ಲಿದ್ದೇವೆಂಬುದೇ ಗೊತ್ತಿರಲಿಲ್ಲ.

ಹಾಗೆಂದು ಮೆಕ್ಸಿಕೋದ ಐದನೆಯ ಪೆಟ್ಟು ಸುಳ್ಳಾಗುತ್ತದೆಯೇ? ಅದು ರಕಿತಾನಿಗೆ ತಾಗಿದ್ದು ನಿಜ. ಒಲಿಂಪಿಕ್ ಪಟ್ಟಿಯಲ್ಲಿ ಆ ಚಿನ್ನ ಇಂದಿಗೂ ಪಾವ್ಲೋವ್ಸ್ಕಿಯ ಹೆಸರಿನಲ್ಲೇ ಇದೆ. ಪದಕ ಅವನ ಒಳ್ಳೆಯತನಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲವಲ್ಲ! ನಾವೇ ಗೆದ್ದವರಿಗೆಲ್ಲ ಒಳ್ಳೆಯವರೆಂಬ ಹೂಮಾಲೆ ಹಾಕಿ, ಆಮೇಲೆ ಮಾಲೆ ಕೀಳುವಾಗ ಕತ್ತನ್ನೂ ಕೀಳಹೋಗುತ್ತೇವೆ. ಅಜ್ಜಿಯ ಮನೆಯವರು ಗದ್ದೆಯ ಮಾತನ್ನು ಮಕ್ಕಳೆದುರು ಬಿಚ್ಚಿ ಹೇಳಿ ಫೋಟೋವನ್ನು ಹಾಗೇ ಬಿಡಬಹುದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಕಳೆದುಕೊಂಡ ಅಜ್ಜಿಗೆ ಹಾಗನ್ನಿಸದೆ ಇದ್ದಿರಬಹುದು. ಗದ್ದೆ ಹೋದದ್ದು ನನ್ನದಲ್ಲವಲ್ಲ.

1985ರ ಜೂನ್ ತಿಂಗಳಿನಲ್ಲಿ ಬರ್ಲಿನ್ ಪಕ್ಕದ ಗ್ಲೀನಿಕೆ ಸೇತುವೆಯ ಮೇಲೆ ಎರಡೂ ಕಡೆಯವರು ಸೆರೆಸಿಕ್ಕ ಗೂಢಚಾರರನ್ನು ಬದಲಾಯಿಸಿಕೊಂಡರು. ಪಟ್ಟಿಯಲ್ಲಿ ಪಾವ್ಲೋವ್ಸ್ಕಿಯ ಹೆಸರೂ ಇತ್ತು. ಸೇತುವೆ ದಾಟಿದರೆ ಪಶ್ಚಿಮ, ಸ್ವಾತಂತ್ರ್ಯ, ಹಳೆಯ ಮುಖಗಳನ್ನು ನೋಡಬೇಕಿಲ್ಲದ ಹೊಸ ಊರು. ಆತ ದಾಟಲಿಲ್ಲ. ತನ್ನ ಹೆಸರನ್ನು ಅಳಿಸಿದ ದೇಶಕ್ಕೇ, ತನ್ನನ್ನು ಬಲ್ಲವರ ನಡುವಿಗೇ ಹಿಂದಿರುಗಿದ. ಹತ್ತು ವರ್ಷ ಸೆರೆಯಲ್ಲಿದ್ದವನು ಆಮೇಲೆ ಚಿತ್ರ ಬರೆಯುತ್ತಾ, ಕಾಯಿಲೆಯವರಿಗೆ ಕೈಮುಟ್ಟಿ ಗುಣಪಡಿಸುತ್ತೇನೆನ್ನುತ್ತಾ ಬದುಕಿದ. 2005ರ ಜನವರಿಯಲ್ಲಿ, ಹುಟ್ಟಿದ ವಾರ್ಸಾದಲ್ಲೇ ತೀರಿಕೊಂಡ.